ಸೆಪ್ಸಿಸ್: ಉಸಿರು ಎಣಿಸುವುದರಿಂದ ಶುರು ಮಾಡಿದೆವು

ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸೆಪ್ಸಿಸ್ ಅನ್ನು, ಅಂದರೆ ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ ಅಂಗಾಂಗಗಳು ಕೆಡುವ ಸ್ಥಿತಿಯನ್ನು, ಬೇಗ ಹಿಡಿಯಬೇಕೆಂದು ಹೊರಟಾಗ ನಾವು ಮೊದಲು ತಿದ್ದಿದ್ದು ಉಸಿರಾಟದ ಎಣಿಕೆಯನ್ನು. ಕೇಸ್ ಶೀಟುಗಳನ್ನು ತಿರುವಿದರೆ ನಾಡಿ, ಬಿಪಿ ಒಬ್ಬೊಬ್ಬರದು ಒಂದೊಂದು. ಉಸಿರು ಮಾತ್ರ ಎಲ್ಲರದೂ 18 ಇಲ್ಲವೇ 20. ಯಾರೂ ಎಣಿಸಿಲ್ಲ ಎಂದೇ ಅರ್ಥ. ಬಿಪಿ ಬೀಳುವ ಮೊದಲೇ ಎಷ್ಟೋ ಸಲ ಉಸಿರು ಏರಿರುತ್ತದೆ. ಈಗ ನಾಡಿ ನೋಡುವಂತೆ ಕೈ ಹಿಡಿದುಕೊಂಡೇ, ರೋಗಿಗೆ ಹೇಳದೆ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತೇವೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ.

ರೋಗಿಯ ಸ್ಥಿತಿ ಎಷ್ಟು ಕೆಟ್ಟಿದೆ ಎಂದು ಅಂಕ ಹಾಕಲು ನ್ಯೂಸ್-2 ಎಂಬ ಮುನ್ನೆಚ್ಚರಿಕೆಯ ಪಟ್ಟಿ ಬಳಸುತ್ತೇವೆ. ಉಸಿರು 25 ಮುಟ್ಟಿದರೆ ಅದೊಂದಕ್ಕೇ 3 ಅಂಕ. ಒಟ್ಟು 5 ಮುಟ್ಟಿದರೆ, ಅಥವಾ ಒಂದೇ ಅಂಶಕ್ಕೆ 3 ಬಂದರೆ, ಸಿಸ್ಟರ್ ನೇರವಾಗಿ ಡ್ಯೂಟಿ ಡಾಕ್ಟರನ್ನು ಕರೆಯುತ್ತಾರೆ. ಅಂಗಾಂಗಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್‌ನ ಪರೀಕ್ಷೆ ಇಲ್ಲದ ಕಡೆ ಬೆರಳೇ ಆಸರೆ: ಬೆರಳ ತುದಿಯನ್ನು 10 ಸೆಕೆಂಡ್ ಒತ್ತಿ ಬಿಟ್ಟಾಗ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತಸಂಚಾರ ಕುಂದಿದೆ.

ಶಾಕ್ (ಬಿಪಿ ಬಿದ್ದು ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿ) ಇದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಒಳಗೆ ಹೋಗಿರಬೇಕು. ಅದಕ್ಕೂ ಮೊದಲು ಎರಡು ಬೇರೆ ಜಾಗಗಳಿಂದ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ. ವಯಸ್ಕರಿಗೆ ಪ್ರತಿ ಬಾಟಲಿಗೆ 8ರಿಂದ 10 ಎಂಎಲ್. ನರ ಸಿಗದೆ ತಡವಾಗುತ್ತಿದ್ದರೆ ಕಲ್ಚರಿಗಾಗಿ ಔಷಧ ನಿಲ್ಲಿಸುವುದಿಲ್ಲ. ಡ್ರಿಪ್‌ಗೆ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ದ್ರಾವಣ) ಒಳ್ಳೆಯದು: ಕಿಲೋಗೆ 30 ಎಂಎಲ್ ಲೆಕ್ಕದಲ್ಲಿ 50 ಕಿಲೋ ತೂಕದವರಿಗೆ 500 ಎಂಎಲ್‌ನ ಮೂರು ಬಾಟಲಿ, ಮೂರು ಗಂಟೆಯೊಳಗೆ. ಪ್ರತಿ ಬಾಟಲಿ ಮುಗಿದಾಗ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಕೇಳಲೇಬೇಕು; ಹೃದಯ, ಕಿಡ್ನಿ ಸೋತವರ ಶ್ವಾಸಕೋಶದಲ್ಲಿ ನೀರು ತುಂಬುವುದು ಇಲ್ಲೇ. ಇನ್ನೊಂದು ಎಚ್ಚರ: ಆರ್‌ಎಲ್ ಹೋಗುತ್ತಿರುವ ಲೈನಿನಲ್ಲೇ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಬಿಡಬಾರದು, ಆರ್‌ಎಲ್‌ನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ಡ್ರಿಪ್ ನಿಲ್ಲಿಸಿ, ಸಲೈನ್‌ನಿಂದ ಲೈನ್ ತೊಳೆದು ಕೊಡುತ್ತೇವೆ, ಇಲ್ಲವೇ ಇನ್ನೊಂದು ಕ್ಯಾನುಲಾ ಹಾಕುತ್ತೇವೆ.

ಸರಾಸರಿ ಬಿಪಿಯನ್ನು ಹೀಗೆ ಲೆಕ್ಕ ಹಾಕಿ: ಕೆಳಗಿನ ಅಂಕಿಯ ಎರಡರಷ್ಟಕ್ಕೆ ಮೇಲಿನದನ್ನು ಕೂಡಿಸಿ ಮೂರರಿಂದ ಭಾಗಿಸಿ. 80/50 ಇದ್ದರೆ 60. ನಮಗೆ ಬೇಕಾದ್ದು 65. ಡ್ರಿಪ್ ಕೊಟ್ಟರೂ ಏರದಿದ್ದರೆ ಮೊಣಕೈ ಹತ್ತಿರದ ದಪ್ಪ ನರದಲ್ಲೇ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಶುರು. ಕತ್ತು ಅಥವಾ ಎದೆಯ ದೊಡ್ಡ ನರಕ್ಕೆ ಹಾಕುವ ಸೆಂಟ್ರಲ್ ಲೈನಿಗೆ ಕಾಯುವುದಿಲ್ಲ. ಚರ್ಮ ಬಿಳಿಚಿದೆಯೇ, ಊದಿದೆಯೇ ಎಂದು ನೋಡುತ್ತಲೇ ಇರಬೇಕು.

ಮಲೆನಾಡಿನ ಜ್ವರದವರಲ್ಲಿ ಬಟ್ಟೆ ಸರಿಸಿ ಕಂಕುಳು, ತೊಡೆಸಂದು, ಸ್ತನದ ಕೆಳಗೆ ನೋಡದೆ ಪರೀಕ್ಷೆ ಮುಗಿಯದು. ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಸಿಕ್ಕರೆ ಅದು ಹೆಚ್ಚಾಗಿ ಸ್ಕ್ರಬ್ ಟೈಫಸ್, ಪುಟ್ಟ ಹುಳು ಕಚ್ಚಿ ಬರುವ ಜ್ವರ. ಅದಕ್ಕೆ ಸೆಫ್ಟ್ರಿಯಾಕ್ಸೋನ್ ನಾಟುವುದಿಲ್ಲ, ಡಾಕ್ಸಿಸೈಕ್ಲಿನ್ ಬೇಕು.

ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ರೋಗದ ವಿವರಣೆ ಕಡಿಮೆ ಮಾಡಿ ಪ್ರಶ್ನೆಗಳನ್ನು ಕಲಿಸಿದೆವು. ಬೆಳಗಿನಿಂದ ಮೂತ್ರ ಹೋಗಿದೆಯೇ? ಅಜ್ಜಿ ಅಸಂಬದ್ಧ ಮಾತಾಡುತ್ತಿದ್ದಾರೆಯೇ? ಬಾಣಂತಿಗೆ ಚಳಿಜ್ವರ, ಸ್ರಾವದಲ್ಲಿ ಕೆಟ್ಟ ವಾಸನೆ? ಹಸುಗೂಸು ಮೊಲೆ ಬಿಟ್ಟಿದೆಯೇ, ಮೈ ತಣ್ಣಗಿದೆಯೇ? ಪ್ಯಾರಾಸಿಟಮಾಲ್‌ನಿಂದ ಜ್ವರ ಇಳಿದರೆ ಸೋಂಕೂ ಇಳಿಯಿತೆಂದು ಮನೆಯವರು ನೆಮ್ಮದಿಯಾಗುತ್ತಾರೆ. ವಯಸ್ಸಾದವರಲ್ಲಂತೂ ಜ್ವರವೇ ಬಾರದಿರಬಹುದು. ಈ ಪ್ರಶ್ನೆಗಳಲ್ಲಿ ಯಾವುದಕ್ಕೆ ಕೆಟ್ಟ ಉತ್ತರ ಬಂದರೂ 108ಕ್ಕೆ ಕರೆ.

ಜಿಲ್ಲಾಸ್ಪತ್ರೆಗೆ ಕಳಿಸುವಾಗಲೂ ಮೊದಲ ಡೋಸ್ ಇಲ್ಲೇ ಕೊಡುತ್ತೇವೆ. ರೆಫರ್ ಚೀಟಿಯ ಮೇಲ್ತುದಿಯಲ್ಲಿ ಔಷಧದ ಹೆಸರು, ಕೊಟ್ಟ ಹೊತ್ತು, ಹೋದ ಡ್ರಿಪ್ ಎಷ್ಟು, ಬಂದ ಮೂತ್ರ ಎಷ್ಟು ಎಂದು ಬರೆದು, ಕಲ್ಚರ್ ತೆಗೆದಿದ್ದರೆ ಲ್ಯಾಬ್ ನಂಬರನ್ನೂ ಸೇರಿಸುತ್ತೇವೆ.