ಮಳೆಹನಿ ಎಣಿಸಿ ಡಾರ್ಕ್ ಎನರ್ಜಿಯ ಲೆಕ್ಕ ಹಿಡಿಯುವ ಬಗೆ

ಜೂನ್‌ನಲ್ಲಿ ಶಿರಸಿ, ಕಾರವಾರದ ಕಡೆ ಮಳೆ ಜೋರಾಗುವ ಮುಂಚೆ ದಪ್ಪ ಹನಿ ಟಪಟಪ ಬೀಳುವ ಒಂದೆರಡು ನಿಮಿಷ ಇರುತ್ತದಲ್ಲ, ಈ ಪ್ರಯೋಗಕ್ಕೆ ಅಷ್ಟು ಸಾಕು. ಖಾಕಿ ಕಾಗದದಲ್ಲಿ 3 ಸೆಂ.ಮೀ. ಅಗಲದ 100 ಚೌಕ ಗೆರೆ ಹಾಕಿ, ಹಲಗೆಗೆ ಅಂಟಿಸಿ, ಮೇಲೆ ದೊಡ್ಡ ಹರಿವಾಣ ಮುಚ್ಚಿ ಅಂಗಳದ ನಡುವೆ ಇಡಿ. ಹನಿ ಶುರುವಾದ ಕೂಡಲೇ ಕೆಲವೇ ಸೆಕೆಂಡ್ ತೆರೆದು, ಮತ್ತೆ ಮುಚ್ಚಿ ಒಳಗೆ ತನ್ನಿ. ಒದ್ದೆ ಕಲೆಗಳಿಗೆ ತಕ್ಷಣ ಪೆನ್ಸಿಲ್‌ನಿಂದ ಸುತ್ತು ಹಾಕಿ. ತಡಮಾಡಿದರೆ ಕಲೆ ಹರಡಿ ಎರಡು ಹನಿ ಒಂದಾಗುತ್ತವೆ. ಹಂಚಿನ ಮಾಡಿನ ಅಂಚಿಗೆ, ಅಡಿಕೆ ಮರದ ಕೆಳಗೆ ಇಡಬೇಡಿ. ಅಲ್ಲಿ ಹನಿ ಒಂದೇ ಜಾಗಕ್ಕೆ ಬೀಳುತ್ತದೆ, ಲೆಕ್ಕ ಕೆಡುತ್ತದೆ.

ಚೌಕಕ್ಕೆ ಸರಾಸರಿ 4 ಹನಿ ಬಿದ್ದಿದ್ದರೆ, ಚೌಕದಿಂದ ಚೌಕಕ್ಕೆ ಏರಿಳಿತ ಸುಮಾರು 2 ಇರುತ್ತದೆ. ಅಂದರೆ 4ರ ವರ್ಗಮೂಲ. ಪೂರ್ತಿ ಹಾಳೆಯ 400 ಹನಿಗೆ ಏರಿಳಿತ 20. ಈ ವರ್ಗಮೂಲವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಭೌತವಿಜ್ಞಾನಿ ರಾಫೆಲ್ ಸಾರ್ಕಿನ್ ದೇಶಕಾಲವೂ (ಜಾಗ ಮತ್ತು ಕಾಲ ಕೂಡಿದ್ದು) ಹೀಗೇ ಚದುರಿದ ಬಿಂದುಗಳಿಂದ ಆಗಿದೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರು. ಬಿಂದುಗಳ ಸಂಖ್ಯೆ ವರ್ಗಮೂಲದಷ್ಟು ಏರಿಳಿಯುತ್ತದೆ. ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ ಡಾರ್ಕ್ ಎನರ್ಜಿಯನ್ನು ಅಳೆಯುವ ಬ್ರಹ್ಮಾಂಡ ಸ್ಥಿರಾಂಕಕ್ಕೂ ದೇಶಕಾಲದ ಗಾತ್ರಕ್ಕೂ ಕ್ವಾಂಟಂ ಅನಿಶ್ಚಿತತೆಯ ನಂಟಿರುವುದರಿಂದ, ಸ್ಥಿರಾಂಕದ ಏರಿಳಿತ ಆ ವರ್ಗಮೂಲದ ವ್ಯುತ್ಕ್ರಮದಷ್ಟು. 1998ರಲ್ಲಿ ಸೂಪರ್‌ನೋವಾಗಳಿಂದ (ಸಿಡಿಯುವ ನಕ್ಷತ್ರಗಳಿಂದ) ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿದೆ ಎಂದು ಗೊತ್ತಾಗುವ ಮೊದಲೇ ಅವರು ಹೇಳಿದ್ದಿದು.

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ವಿಶ್ವ ಹಿಗ್ಗುವ ದರ, ಅಂದರೆ ಹಬಲ್ ಸ್ಥಿರಾಂಕ, 67.4 ಕಿ.ಮೀ. ಪ್ರತಿ ಸೆಕೆಂಡಿಗೆ, ಪ್ರತಿ ಮೆಗಾಪಾರ್ಸೆಕ್‌ಗೆ. ಒಂದು ಮೆಗಾಪಾರ್ಸೆಕ್ ಅಂದರೆ 3.086×10¹⁹ ಕಿ.ಮೀ.; ಭಾಗಿಸಿದರೆ 2.18×10⁻¹⁸. ಮೀಟರು, ಕಿಲೋಮೀಟರು ಬೆರೆಸಿ ಸಾವಿರ ಪಟ್ಟು ತಪ್ಪುವುದು ಇಲ್ಲೇ. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ 1.37×10²⁶ ಮೀಟರ್, ವಿಶ್ವದ ಅಳತೆಗೆ ಒಂದು ಅಂದಾಜು. ಅದನ್ನು ಅತಿ ಚಿಕ್ಕ ಅಳತೆ ಎನ್ನಲಾಗುವ ಪ್ಲಾಂಕ್ ಉದ್ದ 1.616×10⁻³⁵ ಮೀಟರಿನಿಂದ ಭಾಗಿಸಿ: 8.5×10⁶⁰.

ಜಾಗಕ್ಕೆ ಮೂರು ಆಯಾಮ, ಕಾಲಕ್ಕೆ ಒಂದು; ಆದ್ದರಿಂದ ಬಿಂದುಗಳ ಸಂಖ್ಯೆಗೆ ಇದರ ನಾಲ್ಕನೇ ಘಾತ ಬೇಕು. ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್ 10¹⁰⁰ ಮುಟ್ಟಿದರೆ ಎರರ್ ತೋರಿಸುತ್ತದೆ; ಆದ್ದರಿಂದ ಲಾಗರಿದಮ್ ಹಿಡಿಯಿರಿ. 8.5×10⁶⁰ರ ಲಾಗ್ 60.93ನ್ನು 4ರಿಂದ ಗುಣಿಸಿದರೆ 243.72, ವರ್ಗಮೂಲಕ್ಕೆ ಅರ್ಧ ಮಾಡಿದರೆ 121.86. ವ್ಯುತ್ಕ್ರಮ ಸುಮಾರು 1.4×10⁻¹²². ಕಾಲವನ್ನು ಮರೆತು ಮೂರನೇ ಘಾತ ಹಾಕಿದರೆ ಉತ್ತರ 30 ಸೊನ್ನೆಗಳಷ್ಟು ದೂರ ಹೋಗುತ್ತದೆ.

ವೀಕ್ಷಣೆಯಿಂದ ಸಿಕ್ಕ ಸ್ಥಿರಾಂಕದ ಬೆಲೆ, ಪ್ಲಾಂಕ್ ಮಾನದಲ್ಲಿ, ಸುಮಾರು 2.9×10⁻¹²². ನಿರ್ವಾತದ ಶಕ್ತಿಯನ್ನು ಪ್ಲಾಂಕ್ ಮಿತಿಯವರೆಗೆ ನೇರವಾಗಿ ಕೂಡಿಸಿದರೆ ಸುಮಾರು 10¹²⁰ ಪಟ್ಟು ತಪ್ಪುತ್ತದೆ, ಇಲ್ಲಿ ಬರೇ ಎರಡು ಪಟ್ಟು. ನಿಜಕ್ಕೂ ಮೈ ಜುಮ್ಮೆನ್ನುವ ಸಂಗತಿ. ಆದರೆ ಆ ಎರಡು ಪಟ್ಟಿಗೆ ಅರ್ಥ ಹುಡುಕಬೇಡಿ. ಈ ದಾರಿಯಲ್ಲಿ ಸಿಗುವುದು ಸೊನ್ನೆಗಳ ಲೆಕ್ಕ ಮಾತ್ರ. ಚಿಹ್ನೆ ಧನವೋ ಋಣವೋ ಎಂಬುದನ್ನು ಇದು ಹೇಳುವುದಿಲ್ಲ. ಸ್ಥಿರಾಂಕದ ಸರಾಸರಿ ಸೊನ್ನೆ ಎಂದು ಮೊದಲೇ ಒಪ್ಪಿಕೊಂಡಿದ್ದೇವೆ, ಅದು ಯಾಕೆ ಸೊನ್ನೆ ಎಂಬುದಕ್ಕೆ ಪುರಾವೆ ಇಲ್ಲ.