ಗಿಟಾರ್ ಮೊದಲು, ಬೀಟ್ ಆಮೇಲೆ: ನ್ಯಾಶ್‌ವಿಲ್‌ನಲ್ಲಿ ನನ್ನ ಕಂಟ್ರಿ-ರ‍್ಯಾಪ್ ಅನುಭವ

ಕಳೆದ ತಿಂಗಳು ನನ್ನ ಹಾಡು ಸ್ಟ್ರೀಮಿಂಗ್‌ನಲ್ಲಿ 40 ಸಾವಿರ ದಾಟಿತು. ಕೈಗೆ ಬಂದದ್ದು 130 ಡಾಲರ್ ಆಸುಪಾಸು. ದುಡ್ಡು ದೊಡ್ಡದಲ್ಲ. ಆದರೆ ನಾನು ಈ ಹಾಡು ಮಾಡಿದ ದಾರಿಯನ್ನು ಆಗ ಒಬ್ಬರೂ ಒಪ್ಪಿರಲಿಲ್ಲ. ಮೊದಲು ಬೀಟ್ (ಡ್ರಮ್, ಬೇಸ್‌ನ ಸಿದ್ಧ ತಾಳ) ಹಾಕು, ಅದರ ಮೇಲೆ ಗಿಟಾರ್ ನುಡಿಸು ಅಂತಲೇ ಎಲ್ಲರೂ ಹೇಳಿದ್ದು. ನಾನು ಉಲ್ಟಾ ಮಾಡಿದೆ. ಕೆಲಸ ಮಾಡಿತು. ಗಿಟಾರ್, ಮೈಕು, ರೆಕಾರ್ಡಿಂಗ್ ಸಾಫ್ಟ್‌ವೇರ್ ಎಲ್ಲ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬೈಲಹೊಂಗಲದ ಕಡೆಯವನು. ಅಮೆರಿಕದ ಟೆನ್ನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ಗೆ ಬಂದು 9 ವರ್ಷವಾಯಿತು. ಹಗಲು ಆಸ್ಪತ್ರೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲಸ, ರಾತ್ರಿ ಹಾಡು. ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತದ ಈ ಊರಲ್ಲಿ ಬೀದಿಗೊಬ್ಬ ಗಿಟಾರ್ ಹಿಡಿದವನಿದ್ದಾನೆ. ಇಲ್ಲಿನ ಬ್ರಾಡ್‌ವೇ ಬೀದಿಯ ಬಾರುಗಳಲ್ಲಿ ಟಿಪ್ಸ್ ಡಬ್ಬಿ ನಂಬಿ ನುಡಿಸುವವರ ಕೈ ನೋಡಿದರೆ ನನಗೆ ಇವತ್ತಿಗೂ ನಡುಕ ಬರುತ್ತದೆ. ಅಂಥವರ ಮಧ್ಯೆ ನನ್ನದೇ ಅನ್ನುವ ದನಿ ಬೇಕಿತ್ತು. ಕಂಟ್ರಿ ಗಿಟಾರೂ ಇಷ್ಟ, ಹಿಪ್‌ಹಾಪ್ ಮಾತೂ ಇಷ್ಟ. ಎರಡೂ ಕೂಡುತ್ತವೆ ಅನ್ನುವುದು ಹೊಸ ಸುದ್ದಿಯೇನಲ್ಲ. 2019ರಲ್ಲಿ ರ‍್ಯಾಪರ್ ಲಿಲ್ ನ್ಯಾಸ್ ಎಕ್ಸ್ ಇಂಥದೇ ಹಾಡು 'ಓಲ್ಡ್ ಟೌನ್ ರೋಡ್'ನಿಂದ 19 ವಾರ ಅಮೆರಿಕದ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ ಮೊದಲ ಸ್ಥಾನದಲ್ಲಿದ್ದ. 2024ರಲ್ಲಿ ಗಾಯಕ ಶಬೂಝಿ ಅದೇ 19 ವಾರ ಮುಟ್ಟಿದ.

ಲಿಲ್ ನ್ಯಾಸ್ ಎಕ್ಸ್ ಆ ಹಾಡಿನ ಬೀಟನ್ನು 30 ಡಾಲರ್‌ಗೆ ಕೊಂಡಿದ್ದ, ಅಲ್ವಾ? ಅದನ್ನೇ ನಂಬಿ ನಾನೂ ಬೀಟ್ ಕೊಳ್ಳಲು ಶುರು ಮಾಡಿದೆ. 11 ಬೀಟ್ ಕೊಂಡೆ. 400 ಡಾಲರ್ ಹೋಯಿತು. ಒಂದೂ ಹೊಂದಲಿಲ್ಲ. ಕ್ಲಿಕ್ (ತಾಳ ತಪ್ಪದಿರಲು ಕಿವಿಗೆ ಬರುವ ಟಿಕ್ ಟಿಕ್) ಕೇಳುತ್ತಾ ನುಡಿಸಿದರೆ ನನ್ನ ಗಿಟಾರ್ ಸತ್ತುಹೋಗುತ್ತದೆ. ಕಂಟ್ರಿ ಹಾಡುವವನು ಸಾಲಿನ ಕೊನೆಯಲ್ಲಿ ತುಸು ಎಳೆಯುತ್ತಾನೆ. ಕೋರಸ್ (ಪಲ್ಲವಿ) ಬಂದರೆ ಕೈ ತಾನಾಗೇ ಮುಂದೆ ಓಡುತ್ತದೆ. ಬೀಟಿಗೆ ಅದು ಗೊತ್ತಾಗುವುದಿಲ್ಲ.

ಆಮೇಲೆ ಸ್ಟುಡಿಯೋ ಹಿಡಿದೆ. ಗಂಟೆಗೆ 60 ಡಾಲರ್, ಎರಡು ದಿನ. ಎಲ್ಲ ಸದ್ದು ಹದವಾಗಿ ಕೂಡಿಸುವ ಮಿಕ್ಸಿಂಗ್‌ಗೆ ಬೇರೆ 600. ಬಂದ ಹಾಡು ನೀಟಾಗಿತ್ತು, ಆದರೆ ಯಾರದೋ ಹಾಡಿನಂತಿತ್ತು. ನನ್ನ ಗಿಟಾರನ್ನು ತುಂಡು ತುಂಡು ಮಾಡಿ ಬೀಟಿಗೆ ಅಂಟಿಸಿದ್ದರು. ಮನೆಗೆ ಬರುವಾಗ ಕಾರಲ್ಲಿ ಕೇಳಿ ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಅವತ್ತು ರಾತ್ರಿಯೇ ತೀರ್ಮಾನ ಮಾಡಿದೆ: ಗಿಟಾರ್ ಬೀಟಿನ ಹಿಂದೆ ಹೋಗುವುದು ಸಾಕು, ಇನ್ನು ಬೀಟೇ ಗಿಟಾರಿನ ಹಿಂದೆ ಬರಲಿ.

ಬಟ್ಟೆ ಇಡುವ ಕೋಣೆಯಲ್ಲಿ ಕೂತು ಕ್ಲಿಕ್ ಇಲ್ಲದೆ ಹಾಡು, ಗಿಟಾರ್ ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿದೆ. ಗಿಟಾರಿನ ಕತ್ತಿನ 12ನೇ ಫ್ರೆಟ್ (ಅಡ್ಡಪಟ್ಟಿ) ಎದುರು ಒಂದು ಗೇಣು ದೂರದಲ್ಲಿ ಒಂದು ಮೈಕು, ಬಾಯಿಗೆ ಇನ್ನೊಂದು. ದನಿ ಗಿಟಾರ್ ಮೈಕಿಗೂ ನುಗ್ಗುತ್ತದೆ, ಹಾಗಾಗಿ ಶ್ರುತಿ ತಿದ್ದುವ ಆಟೋಟ್ಯೂನ್ ಹಾಕುವ ಮಾತೇ ಇಲ್ಲ. 31 ಟೇಕ್ ಬೇಕಾಯಿತು. 26ನೆಯದು ಉಳಿಯಿತು. ಆಮೇಲೆ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ತಾಳದ ಪ್ರತಿ ಆವರ್ತನದ ಮೊದಲ ಏಟಿಗೆ ಒಂದೊಂದು ಟೆಂಪೊ (ವೇಗ) ಗುರುತು ಹಾಕಿದೆ. ಮೂರು ರಾತ್ರಿಯ ಕೆಲಸ. ವರ್ಸ್‌ನಲ್ಲಿ (ಚರಣ) ನಿಮಿಷಕ್ಕೆ 74 ಏಟು, ಕೋರಸ್‌ನಲ್ಲಿ 79ರವರೆಗೆ ಓಡಿದ್ದೆ. ಈಗ ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ), 808 (ಹಿಪ್‌ಹಾಪ್‌ನ ಎಲೆಕ್ಟ್ರಾನಿಕ್ ಬೇಸ್ ಸದ್ದು) ಎಲ್ಲವೂ ಆ ನಕ್ಷೆಯ ಮೇಲೆ ನಡೆಯುತ್ತವೆ. ನಾನು ಎಳೆದರೆ ಅವೂ ಎಳೆಯುತ್ತವೆ. ಡ್ರಮ್ಮರ್ ಗೆಳೆಯನೊಬ್ಬ ಇದು ಕುಡಿದವನ ನಡಿಗೆಯಂತಾಗುತ್ತದೆ ಅಂದಿದ್ದ. ಹಾಡು ಕೇಳಿಸಿದೆ. ಎರಡನೇ ಸಲ ಹಾಕು ಅಂದ. ಆ ಹೊತ್ತಿನ ಖುಷಿ ನನಗೆ ದೊಡ್ಡದು.

ಸ್ನೇರ್ ಡ್ರಮ್ಮಿನ ಜಾಗದಲ್ಲಿರುವುದು ನನ್ನ ಗಿಟಾರಿನ ಹೊಟ್ಟೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದ ಸದ್ದು. ಅದರ ಕೆಳಗೆ ಇನ್ನೊಂದು ಸದ್ದಿದೆ. ಅದೇನು ಅಂತ ಸದ್ಯಕ್ಕೆ ಹೇಳುವುದಿಲ್ಲ. ಮುಂದಿನ ಎರಡು ಹಾಡಿಗೂ ಅದು ಬೇಕು.

ಹೆಚ್ಚು ಜನ ಎಡವುವುದು ಬೇಸ್‌ನಲ್ಲಿ. ಹಾಡು ಮೊದಲು ಇ ಶ್ರುತಿಯಲ್ಲಿತ್ತು. ಗಿಟಾರಿನ ದಪ್ಪ ತಂತಿ 82 ಹರ್ಟ್ಜ್, 808 ಅದರ ಕೆಳಗೆ 41. ಸಣ್ಣ ಬಾರಿನ ಸ್ಪೀಕರಿನಲ್ಲಿ 41 ಬರುವುದೇ ಇಲ್ಲ, ಸುಮ್ನೆ ಗಾಳಿ. ಅದಕ್ಕೆ ಜಿ ಶ್ರುತಿಗೆ ಹೋದೆ. 808 ಈಗ 49ಕ್ಕೆ ಬಂತು. ಕಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) 5ನೇ ಫ್ರೆಟ್‌ಗೆ ಹಾಕಿ ಡಿ ಶ್ರುತಿಯ ಬೆರಳಿನ ಆಕಾರಗಳನ್ನು ಹಿಡಿದೆ. ಗಿಟಾರಿನ ಕೆಳಗಿನ ಸ್ವರವೇ 110 ಆಯಿತು. ಕೆಳಗೆ ಬೇಕಾದಷ್ಟು ಜಾಗ ಖಾಲಿ. ಇಷ್ಟಾದ ಮೇಲೆ ಈಕ್ಯೂ (ದಪ್ಪ-ಸಣ್ಣ ಸದ್ದು ಹೆಚ್ಚುಕಮ್ಮಿ ಮಾಡುವುದು) ಮುಟ್ಟುವ ಕೆಲಸ ಜಾಸ್ತಿ ಉಳಿಯಲಿಲ್ಲ. 808ಕ್ಕೆ ಸ್ವಲ್ಪ ಡಿಸ್ಟಾರ್ಷನ್ (ಸದ್ದಿಗೆ ಒರಟುತನ) ಕೊಟ್ಟರೆ ಫೋನ್‌ನಲ್ಲೂ ಕೇಳುತ್ತದೆ.

ರ‍್ಯಾಪ್ ಭಾಗದಲ್ಲಿ ಉಸಿರು ಸಾಲುತ್ತಿರಲಿಲ್ಲ. ಗಿಟಾರ್ ನುಡಿಸುತ್ತಾ ಅಷ್ಟು ಮಾತು ಆಡುವುದು ಕಷ್ಟ. ದಾರಿ ಸಿಕ್ಕಿದ್ದು ಊರಿನಿಂದ. ಸೋದರಮಾವ ಗೀಗೀ ಮೇಳದಲ್ಲಿ ತುಂತುಣಿ ಹಿಡಿಯುತ್ತಿದ್ದರು. ಮುಂದಿನವನು ಸಾಲು ಬಿಟ್ಟ ಕಡೆ ಹಿಂದಿನವರು ಗೀ ಅಂತ ಎತ್ತಿಕೊಳ್ಳುತ್ತಾರೆ, ಅಷ್ಟರಲ್ಲಿ ಇವನು ಉಸಿರು ತುಂಬಿಕೊಳ್ಳುತ್ತಾನೆ. ನಾನೂ ಪ್ರತಿ ನಾಲ್ಕನೇ ಸಾಲಿನ ಕೊನೆಯ ಎರಡು ಏಟು ಖಾಲಿ ಬಿಟ್ಟೆ. ಅಲ್ಲಿ ನನ್ನದೇ ದನಿಯನ್ನು ಮೂರು ಪದರ ಮಾಡಿ ಗುನುಗಿಸಿದೆ. ಇಲ್ಲಿನವರು ಅದನ್ನು ಚರ್ಚಿನ ಕಾಯರ್ ಅಂದುಕೊಂಡರು. ಮಾವನಿಗೆ ಫೋನಿನಲ್ಲಿ ಕೇಳಿಸಿದೆ. "ಏ ಹುಡುಗಾ, ಇದು ನಮ್ಮ ಗೀಗೀ ಐತಲ್ಲೋ" ಅಂದರು.

ಹೈಹ್ಯಾಟ್ ಬದಲು ತಬಲಾ ಹಾಕಿಯೂ ನೋಡಿದೆ. ಕೇಳಲು ಚೆನ್ನಾಗಿತ್ತು, ಆದರೆ ಹಾಡು ಟೆನ್ನೆಸ್ಸಿ ಬಿಟ್ಟು ಎಲ್ಲೋ ಹೋಯಿತು. ತೆಗೆದೆ.

ವೇದಿಕೆ ಬೇರೆಯದೇ ಕಥೆ. ಮೊದಲು ಇಲ್ಲಿನ ಬ್ಲೂಬರ್ಡ್ ಕೆಫೆಯ ಸೋಮವಾರದ ಓಪನ್ ಮೈಕ್‌ಗೆ (ಯಾರು ಬೇಕಾದರೂ ಹಾಡಬಹುದಾದ ವೇದಿಕೆ) ಗಿಟಾರ್ ಮಾತ್ರ ಒಯ್ದೆ. ಸುಮಾರು 90 ಸೀಟಿನ ಜಾಗ. ಹಾಡಿನ ಮಧ್ಯೆ ಯಾರೂ ಮಾತಾಡುವುದಿಲ್ಲ. ಬೀಟ್ ಇಲ್ಲದೆಯೂ ಹಾಡು ನಿಂತಿತು. ಅದು ಗೊತ್ತಾದ ಮೇಲೆಯೇ ಬಾರ್‌ಗಳಿಗೆ ಬೇಸ್ ತಗೊಂಡು ಹೋಗಿದ್ದು. ರೆಕಾರ್ಡ್ ಮಾಡಿದ ಟ್ರ್ಯಾಕ್ ಜತೆ ಹಾಡಿದರೆ ಮತ್ತೆ ಕ್ಲಿಕ್ಕಿನ ಜೀತ. ಹಾಗಾಗಿ ಕುರ್ಚಿಯಲ್ಲಿ ಕೂತು ಕಾಲಲ್ಲೇ 808 ಹೊಡೆಯುತ್ತೇನೆ. ಬಲಗಾಲಿನ ಪ್ಯಾಡಿಗೆ ಜಿ ಸ್ವರ, ಎಡಗಾಲಿಗೆ ಸಿ. ಡಿ ಬಂದಾಗ ಬೇಸ್ ಇಲ್ಲ, ಖಾಲಿ. ಆ ಖಾಲಿಗೇ ಜನ ತಲೆ ಎತ್ತುತ್ತಾರೆ. ಮೊದಲ ದಿನ 808 ಗಿಟಾರಿನ ಹೊಟ್ಟೆಗೆ ನುಗ್ಗಿ ಗುಂಯ್ ಅಂತ ಕೂಗಿಬಿಟ್ಟಿತು. ಹಾಡು ಅಲ್ಲೇ ನಿಂತಿತು. 15 ಡಾಲರಿನ ರಬ್ಬರ್ ಮುಚ್ಚಳ ತಂದು ಗಿಟಾರಿನ ತೂತಿಗೆ ಹಾಕಿದೆ. ಆಮೇಲೆ ಆ ಕಾಟ ಇಲ್ಲ.

ಇಲ್ಲಿಯವರೆಗೆ ಎರಡೂವರೆ ಸಾವಿರ ಡಾಲರ್ ಖರ್ಚಾಗಿರಬೇಕು. ಅದರಲ್ಲಿ ಸುಮಾರು ಎರಡು ಸಾವಿರ ತಪ್ಪು ದಾರಿಗೆ ಹೋದದ್ದು. ಗೆದ್ದ ದಾರಿಗೆ ಬೇಕಾದದ್ದು ರೀಪರ್ ಲೈಸೆನ್ಸಿನ 60, ಎರಡು ಪ್ಯಾಡು, ಒಂದು ಹಳೇ ಮೈಕು. ಟಿಪ್ಸ್ ಡಬ್ಬಿಯಲ್ಲಿ ಮೊದಲು ರಾತ್ರಿಗೆ 20-25 ಡಾಲರ್ ಬೀಳುತ್ತಿತ್ತು. ಈಗ 90 ದಾಟುತ್ತದೆ.

ಮುಂದಿನ ಹಾಡಿಗೆ ಒಂದು ಹಳೇ ಬಾಂಜೊ (ಚರ್ಮ ಬಿಗಿದ ತಂತಿವಾದ್ಯ) ತಂದಿದ್ದೇನೆ, 220 ಡಾಲರ್. ಅದರ ಐದನೇ ತಂತಿಯ ಟಿಣ್ ಟಿಣ್ ಸರಿಯಾಗಿ ಹೈಹ್ಯಾಟ್ ಜಾಗದಲ್ಲೇ ಬಂದು ಕೂರುತ್ತಿದೆ. ಎರಡಕ್ಕೂ ಅಲ್ಲಿ ಜಾಗವಿಲ್ಲ. ಈ ವಾರ ಹೈಹ್ಯಾಟ್ ತೆಗೆದು ನೋಡುತ್ತೇನೆ.