ಅಮೆರಿಕದಲ್ಲಿ ಕೋರ್ಟಿನ ಕಾಗದ ಬಂದರೆ ಏನು ಮಾಡಬೇಕು?

ಕೋರ್ಟಿನ ಮುದ್ರೆಯಿರುವ ಕಾಗದ ಕೈಗೆ ಬಂದೊಡನೆ ಎದೆ ಧಸಕ್ಕೆನ್ನುವುದು ಸಹಜ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಆಗ ಮೊದಲು ಮಾಡಬೇಕಾದ ಕೆಲಸ ಒಂದೇ: ಕಾಗದದ ನೆತ್ತಿಯಲ್ಲಿರುವ ಕೋರ್ಟಿನ ಹೆಸರನ್ನು ಓದುವುದು. ಅದು ರಾಜ್ಯದ ಕೋರ್ಟೋ ಫೆಡರಲ್ (ಕೇಂದ್ರದ) ಕೋರ್ಟೋ ಎಂಬುದರ ಮೇಲೆ ಗಡುವು, ಕಟ್ಟಡ, ನಿಯಮ ಎಲ್ಲವೂ ನಿಂತಿರುತ್ತವೆ.

ನಮ್ಮಲ್ಲಿ ತಾಲ್ಲೂಕು ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಇರುವುದು ಒಂದೇ ಏಣಿ. ಅಲ್ಲಿ ಎರಡು. ‘ಯುನೈಟೆಡ್ ಸ್ಟೇಟ್ಸ್ ಡಿಸ್ಟ್ರಿಕ್ಟ್ ಕೋರ್ಟ್’ ಎಂದಿದ್ದರೆ ಅದು ಫೆಡರಲ್. ಇಡೀ ದೇಶಕ್ಕೆ ಇಂಥವು 94 ಇವೆ. ರಾಜ್ಯದ ಕೋರ್ಟುಗಳ ಹೆಸರು ಮಾತ್ರ ರಾಜ್ಯಕ್ಕೊಂದು ತೆರ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆಯಂಥದು) ಒಂದು ಸುಪೀರಿಯರ್ ಕೋರ್ಟ್. ನ್ಯೂಯಾರ್ಕಿನಲ್ಲಿ ‘ಸುಪ್ರೀಂ ಕೋರ್ಟ್’ ಎಂದು ಕಂಡರೆ ಗಾಬರಿ ಬೇಡ, ಅದು ವಿಚಾರಣೆ ಆರಂಭವಾಗುವ ರಾಜ್ಯದ ಕೋರ್ಟು.

ಟ್ರಾಫಿಕ್ ದಂಡ, ವಿಚ್ಛೇದನ, ಮನೆ ಬಾಡಿಗೆಯ ಜಗಳ ಇವೆಲ್ಲ ರಾಜ್ಯದ ಪಾಲಿನವು. ದಿವಾಳಿ, ಪೇಟೆಂಟ್, ಫೆಡರಲ್ ಸರ್ಕಾರದ ವಿರುದ್ಧದ ದಾವೆ ಫೆಡರಲ್ ಕೋರ್ಟಿಗೆ ಹೋಗುತ್ತವೆ. ಬೇರೆ ಬೇರೆ ರಾಜ್ಯದವರ ನಡುವಿನ ವ್ಯಾಜ್ಯ 75,000 ಡಾಲರ್ ಮೀರಿದ್ದರೆ ಅದನ್ನೂ ಅಲ್ಲಿಗೆ ಒಯ್ಯಬಹುದು. ವಲಸೆ ಕೋರ್ಟು ಈ ಎರಡೂ ಏಣಿಗೆ ಸೇರದು. ಅದು ನ್ಯಾಯ ಇಲಾಖೆಯ ಅಧೀನದಲ್ಲಿದೆ.

ಎರಡನೆಯದು ಗಡುವು. ಸಿವಿಲ್ ದಾವೆಯ ಸಮನ್ಸ್ ಕೈಗೆ ಸಿಕ್ಕ ಮೇಲೆ ಫೆಡರಲ್ ಕೋರ್ಟಿನಲ್ಲಿ ಸಾಮಾನ್ಯವಾಗಿ 21 ದಿನ, ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ 30 ದಿನ. ಮನೆ ಖಾಲಿ ಮಾಡಿಸುವ ಪ್ರಕರಣವಾದರೆ ಇನ್ನೂ ಕಡಿಮೆ. ಫೋನ್ ಮಾಡಿ ವಿವರಿಸಿದರೆ, ಪತ್ರ ಬರೆದರೆ ಸಾಲದು. ನಿಗದಿತ ರೂಪದ ಲಿಖಿತ ಉತ್ತರವನ್ನೇ ಸಲ್ಲಿಸಬೇಕು. ಸುಮ್ಮನೆ ಕುಳಿತರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬಂದೀತು.

ಜ್ಯೂರಿ ಕೆಲಸಕ್ಕೆ, ಅಂದರೆ ಪ್ರಕರಣ ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಪ್ರಜೆಗಳ ತಂಡದಲ್ಲಿ ಕೂರಲು, ಕರೆ ಬಂದಿದ್ದರೆ ಬಹಳ ಎಚ್ಚರ ಬೇಕು. ಅಮೆರಿಕದ ಪ್ರಜೆಗಳು ಮಾತ್ರ ಜ್ಯೂರಿಯಲ್ಲಿ ಕೂರಬಹುದು. ಎಚ್‌-1ಬಿ ಕೆಲಸದ ವೀಸಾ ಅಥವಾ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇರುವವರಿಗೂ ಒಮ್ಮೊಮ್ಮೆ ಈ ಕರೆ ಬರುವುದುಂಟು. ತನಗೆ ಸಂಬಂಧವಿಲ್ಲವೆಂದು ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. ‘ಪ್ರಜೆಯಲ್ಲ’ ಎಂಬ ಉತ್ತರವನ್ನು ಗುರುತಿಸಿ ಮರಳಿಸಿ. ಅವಸರದಲ್ಲಿ ತಪ್ಪಿ ‘ಪ್ರಜೆ’ ಎಂದು ಗುರುತಿಸಿದರೆ ಮುಂದೆ ವಲಸೆಯ ಕಡತಕ್ಕೇ ಕುತ್ತು ಬರಬಹುದು. ಪೌರತ್ವ ಪಡೆದವರು ಮಾತ್ರ ದಯವಿಟ್ಟು ತಪ್ಪಿಸಿಕೊಳ್ಳುವ ದಾರಿ ಹುಡುಕಬೇಡಿ. ಫೆಡರಲ್ ಕೋರ್ಟಿನ ದಿನದ ಭತ್ಯೆ 50 ಡಾಲರ್. ಹಣ ಹೆಚ್ಚಲ್ಲ, ಆದರೆ ಒಬ್ಬರ ಬದುಕಿನ ತೀರ್ಮಾನದಲ್ಲಿ ನಿಮ್ಮ ಮಾತಿಗೂ ತೂಕವಿರುತ್ತದೆ.

ಇನ್ನು ಕಟ್ಟಡ. ಕನ್ನಡಿಗರು ಬಹಳ ಮಂದಿ ಇರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯನ್ನೇ ನೋಡಿ. ಕೌಂಟಿಯ ಸುಪೀರಿಯರ್ ಕೋರ್ಟ್ ಇರುವುದು 191 ನಾರ್ತ್ ಫಸ್ಟ್ ಸ್ಟ್ರೀಟ್‌ನಲ್ಲಿ. ಕುಟುಂಬ ನ್ಯಾಯಾಲಯ ಅದೇ ಬೀದಿಯ 201ರಲ್ಲಿ. ಫೆಡರಲ್ ಕೋರ್ಟು 280 ಸೌತ್ ಫಸ್ಟ್ ಸ್ಟ್ರೀಟ್‌ನಲ್ಲಿ. ರಸ್ತೆಯ ಹೆಸರು ಒಂದೇ, ದಿಕ್ಕು ಬೇರೆ. ಜಿಪಿಎಸ್‌ಗೆ ‘ಫಸ್ಟ್ ಸ್ಟ್ರೀಟ್ ಕೋರ್ಟ್’ ಎಂದಷ್ಟೇ ಹೇಳಿ ಹೊರಟರೆ ಎದುರಾಗುವುದು ಬೇರೆಯೇ ಕೋರ್ಟಿನ ಬಾಗಿಲು ಆಗಿರಬಹುದು.

ಬಾಗಿಲಲ್ಲಿ ತಪಾಸಣೆ ಇರುತ್ತದೆ, ಫೋಟೊ ಇರುವ ಗುರುತಿನ ಚೀಟಿ ಜೊತೆಗಿರಲಿ. ಕೀಲಿಗೊಂಚಲಿನ ಪುಟ್ಟ ಚಾಕುವನ್ನು ಮನೆಯಲ್ಲೇ ಬಿಡಿ. ಮೊಬೈಲ್ ನಿಯಮ ಎಲ್ಲೆಡೆ ಒಂದೇ ಅಲ್ಲ: ಮ್ಯಾನ್‌ಹಟನ್‌ನ ಫೆಡರಲ್ ಕೋರ್ಟಿನಲ್ಲಿ ಸಾರ್ವಜನಿಕರು ಅದನ್ನು ಬಾಗಿಲಲ್ಲೇ ಒಪ್ಪಿಸಬೇಕು.

ಇಂಗ್ಲಿಷ್ ತೊಡಕಾದರೆ ದುಭಾಷಿಯನ್ನು ಮುಂಚಿತವಾಗಿಯೇ ಕೇಳಿ. ಕ್ಯಾಲಿಫೋರ್ನಿಯಾದ ಕೋರ್ಟುಗಳಲ್ಲಿ ಇದಕ್ಕೆ ಶುಲ್ಕವಿಲ್ಲ. ಅರ್ಜಿಯಲ್ಲಿ ಭಾಷೆ ‘ಕನ್ನಡ’ ಎಂದೇ ಸ್ಪಷ್ಟವಾಗಿ ಬರೆಯಿರಿ. ಊರಿನಿಂದ ಬಂದ ತಂದೆ ತಾಯಿ ಸಾಕ್ಷಿ ಹೇಳಬೇಕಾದಾಗ, ಮಗನೋ ಸೊಸೆಯೋ ಪಕ್ಕದಲ್ಲಿ ನಿಂತು ಅನುವಾದಿಸುವುದಕ್ಕಿಂತ ಇದೇ ಎಷ್ಟೋ ಮೇಲು.

‘ಜ್ಯೂರಿಗೆ ಬರಲಿಲ್ಲ, ಬಂಧಿಸುತ್ತೇವೆ, ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿ’ ಎಂದು ಯಾರಾದರೂ ಕರೆ ಮಾಡಿದರೆ ಅದು ಮೋಸ. ಯಾವ ಕೋರ್ಟೂ ಹಾಗೆ ದಂಡ ವಸೂಲಿ ಮಾಡುವುದಿಲ್ಲ. ಫೋನ್ ಇಟ್ಟು, ಕೋರ್ಟಿನ ಅಧಿಕೃತ ಜಾಲತಾಣದಲ್ಲಿರುವ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿ.